ಕೇಬಲ್ಲಿನ ಎಳೆ

ನಿಂತಲ್ಲೇ ಎಂಜಿನ್ ಅರಚುತ್ತೆ ಅಂತ ಅಕ್ಕ ತನ್ನ ಹಳೇ ಕಾರನ್ನು ನನ್ನ ಗ್ಯಾರೇಜಿಗೆ ತಂದಿದ್ದಳು. ನನಗೆ ಮೀಟರ್ ಬೇಡ, ಕಿವಿ ಸಾಕು ಅನ್ನೋ ಹಾಳು ಜಂಭ. ನಿಂತಾಗಿನ ಎಂಜಿನ್ ವೇಗ ಹೊಂದಿಸುವ ಐಡ್ಲಿಂಗ್ ಸ್ಕ್ರೂ ಅರ್ಧ ಸುತ್ತು ತಿರುಗಿಸಿ, ಆಕ್ಸಿಲರೇಟರ್ ಕೇಬಲ್ಲನ್ನು ಕೈಯಲ್ಲೇ ಒಮ್ಮೆ ಎಳೆದು ಬಿಟ್ಟೆ. ಸದ್ದು ಇಳಿಯಿತು.

"ಇಷ್ಟೇನಾ?"

"ಇಷ್ಟೇ ಅಕ್ಕಾ. ಧೈರ್ಯವಾಗಿ ಹೋಗು."

ಮಗಳನ್ನು ಶಾಲೆಯಿಂದ ಕರೆತರಲು ಅವಳು ಇಳಿಜಾರಿನ ರಸ್ತೆ ಹಿಡಿದಳು.

ಕೈ ತೊಳೆಯುವಾಗ ಬೆರಳಿಗೆ ಏನೋ ಚುಚ್ಚಿತು. ಕೂದಲಿನಷ್ಟು ಸಣ್ಣ ಉಕ್ಕಿನ ಎಳೆ. ಆ ಆಕ್ಸಿಲರೇಟರ್ ಕೇಬಲ್ಲಿನದೇ. ಸದ್ದು ಇಳಿದದ್ದು ಸ್ಕ್ರೂನಿಂದಲ್ಲ. ಎಳೆ ಬಿಚ್ಚಿಕೊಂಡ ಕೇಬಲ್ ಒಳಗೆಲ್ಲೋ ಸಿಕ್ಕಿಕೊಂಡಿತ್ತು, ನಾನು ಎಳೆದಾಗ ಬಿಟ್ಟುಕೊಂಡಿತ್ತು, ಅಷ್ಟೆ. ಅವಳು ಇನ್ನೊಮ್ಮೆ ಜೋರಾಗಿ ತುಳಿದರೆ ಅಲ್ಲೇ ಕಚ್ಚಿಕೊಳ್ಳುತ್ತೆ, ಕಾಲು ತೆಗೆದರೂ ವೇಗ ಇಳಿಯಲ್ಲ.

ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನ್ ಮುಟ್ಟಬೇಡ ಅಂತ ಅವಳಿಗೆ ಗದರಿ ಹೇಳಿಕೊಟ್ಟವನು ನಾನೇ.

ಒದ್ದೆ ಕೈಯಲ್ಲೇ ಬೀದಿಗೆ ಓಡಿದೆ. ಇಳಿಜಾರಿನ ಕೆಳಗಿಂದ ಒಂದು ಎಂಜಿನ್ ಸದ್ದು ಏರುತ್ತಾ ಬಂತು, ಇಳಿಯಲೇ ಇಲ್ಲ. ಬೇರೆ ಯಾರದೋ ಗಾಡಿ ಇರಬಹುದು ಅಂದುಕೊಳ್ಳಲು ನೋಡಿದೆ. ನನ್ನ ಕಿವಿ ಒಪ್ಪಲಿಲ್ಲ.