ನಿಂತವರನ್ನು ಕೂರಿಸಿದ ಮಾತು

ದ್ರಾಕ್ಷಿ ಕೊಯ್ಲು ಮುಗಿದು, ನೆಲದಲ್ಲಿ ಹೂತ ಮಣ್ಣಿನ ವಾಡೆಗಳಲ್ಲಿ ರಸ ಬುಸುಗುಡಲು ಶುರುವಾಗಿದ್ದ ಕಾಲ. ಮಧ್ಯಾಹ್ನ ವಾಲಿತ್ತು, ಹಸುಗಳು ಇನ್ನೂ ಮನೆಗೆ ತಿರುಗಿರಲಿಲ್ಲ. ಆ ಹೊತ್ತಿನಲ್ಲಿ ಜುಜುನಾ ಟೀಚರು ಶಾಲ್ವಾನ ಮನೆಯ ಬೇಲಿಬಾಗಿಲು ತಳ್ಳಿಕೊಂಡು ಒಳಗೆ ಬಂದರು.

ಶಾಲ್ವಾನ ಮೊಮ್ಮಗಳು ಎಲಿಸೋ ಅಂಗಳದಲ್ಲಿ ಕೂತು ದಾರಕ್ಕೆ ಅಕ್ರೋಟು ಪೋಣಿಸುತ್ತಿದ್ದಳು. ಪಕ್ಕದಲ್ಲಿ ಅವಳ ತಾಯಿ ನಾರ್ಗಿಜಾ, ಮೈತುಂಬ ಕಪ್ಪು ಬಟ್ಟೆ, ಕೊಪ್ಪರಿಗೆಯ ದ್ರಾಕ್ಷಿರಸಕ್ಕೆ ಹಿಟ್ಟು ಉದುರಿಸಿ ತಿರುವುತ್ತಿದ್ದಳು. ಪೋಣಿಸಿದ ಸರವನ್ನು ಆ ರಸದಲ್ಲಿ ಅದ್ದಿ ನೇತು ಹಾಕಿದರೆ ಚಳಿಗಾಲಕ್ಕೆಲ್ಲ ಮಕ್ಕಳ ತಿಂಡಿ. ಆ ಮನೆಯಲ್ಲಿ ಈಗ ತಿನ್ನುವ ಮಕ್ಕಳು ಇರಲಿಲ್ಲ. ಆದರೂ ಕಾಲ ಬಂತಲ್ಲ, ಮಾಡಬೇಕು, ಮಾಡುತ್ತಿದ್ದರು.

"ತೆಲಾವಿ ಪಟ್ಟಣದಲ್ಲಿ ಭಾಷಣದ ಸ್ಪರ್ಧೆ ಇಟ್ಟವ್ರೆ," ಎಂದರು ಜುಜುನಾ, ಕೂರುವ ಮೊದಲೇ. "ಗೆದ್ದೋರಿಗೆ ರಾಜಧಾನಿ ತ್ಬಿಲಿಸಿಯ ದೊಡ್ಡ ಶಾಲೇಲಿ ಸೀಟು. ಹಾಸ್ಟೆಲ್ಲೂ ಅವರದೇ. ನಮ್ಮ ಶಾಲೆಯಿಂದ ಎಲಿಸೋ ಹೋಗ್ಬೇಕು."

"ಇವಳಾ?" ಎಂದಳು ನಾರ್ಗಿಜಾ. "ಉಪ್ಪು ಕಮ್ಮಿ ಆಗಿದೆ ಅನ್ನೋಕೂ ಬಾಯಿ ಬಿಡಲ್ಲ ಇವಳು."

"ಅದಕ್ಕೇ ಹೇಳಿದ್ದು. ಬೇರೆ ಮಕ್ಕಳಿಗೆ ನಾಲ್ಕು ಜನರ ಮುಂದೆ ನಿಂತರೆ ಕಾಲು ನಡುಗ್ತವೆ. ಇವಳಿಗೆ ಏನೂ ಆಗಲ್ಲ. ಮೊನ್ನೆ ಕ್ಲಾಸಲ್ಲಿ ಓದಿಸ್ದೆ, ಗೋಡೆ ಮಾತಾಡಿದಂಗೆ ಮಾತಾಡಿದ್ಲು. ಒಂದು ಅಕ್ಷರ ಅಲುಗಲಿಲ್ಲ."

ಟೀಚರು ಹೇಳಿದ್ದು ನಿಜ. ಎಲಿಸೋಗೆ ಏನೂ ಆಗುತ್ತಿರಲಿಲ್ಲ. ಹೋದ ಚಳಿಗಾಲದಲ್ಲಿ ಬೆಟ್ಟದ ದಾರಿಯಲ್ಲಿ ಅವಳ ಅಣ್ಣ ಬಾದ್ರಿ ಲಾರಿಯ ಸಮೇತ ಕಣಿವೆಗೆ ಬಿದ್ದು ಹೋದ ಮೇಲೆ ಅವಳಿಗೆ ಯಾವುದೂ ತಾಗುತ್ತಿರಲಿಲ್ಲ. ಮಾಗದ ಪರ್ಸಿಮನ್ ಹಣ್ಣು ಕಚ್ಚಿದರೆ ನಾಲಿಗೆ ಒಗರಾಗಿ ಮರಗಟ್ಟುತ್ತದಲ್ಲ, ಮೈಯೆಲ್ಲ ಹಾಗೇ ಆಗಿತ್ತು. ಹೆಣ ಮನೆಯಲ್ಲಿದ್ದಾಗ ಹೆಂಗಸರು ಅವಳ ತೋಳು ಚಿವುಟಿ "ಅಳೇ, ಅತ್ತುಬಿಡೇ" ಎಂದಿದ್ದರು. ತೋಳು ಕೆಂಪಾಯಿತೇ ಹೊರತು ಅಳು ಬರಲಿಲ್ಲ.

ಆದರೆ ಒಂದನ್ನು ಮಾತ್ರ ಅವಳು ತಡೆಯಲಾರದೆ ಹೋಗಿದ್ದಳು. ಅವಳು ಅಂಗಡಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ನಗುತ್ತಿದ್ದವರು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅಂಗಡಿಯವಳು ಸಕ್ಕರೆಯನ್ನು ತೂಕಕ್ಕಿಂತ ಒಂದು ಹಿಡಿ ಹೆಚ್ಚೇ ಸುರಿದು, ಪಿಸುದನಿಯಲ್ಲಿ "ಹೋಗ್ಬಾ ಕಂದ" ಎನ್ನುತ್ತಿದ್ದಳು. ಶಾಲೆಯಲ್ಲಿ ಅವಳ ಜಡೆ ಎಳೆಯುವವರೂ ಇಲ್ಲವಾಗಿದ್ದರು. ಊರಿಗೆ ಊರೇ ಅವಳ ಮುಂದೆ ತುದಿಗಾಲಲ್ಲಿ ನಡೆಯುತ್ತಿತ್ತು. ತ್ಬಿಲಿಸಿಯಲ್ಲಿ ಬಾದ್ರಿ ಯಾರಿಗೂ ಗೊತ್ತಿಲ್ಲ. ಅಲ್ಲಿಗೆ ಹೋದರೆ ಜನ ಅವಳ ಮುಂದೆ ಜೋರಾಗಿ ಮಾತಾಡುತ್ತಾರೆ. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

"ಹೋಗ್ತೀನಿ," ಎಂದಳು ಎಲಿಸೋ. ಮತ್ತೊಂದು ಅಕ್ರೋಟು ಪೋಣಿಸಿದಳು.

ವಿಷಯ ಕೊಟ್ಟಿದ್ದರು: ನನಗೆ ಕಲಿಸಿದವರು. ಎಲ್ಲ ಮಕ್ಕಳೂ ಮೇಷ್ಟರುಗಳನ್ನೇ ಹೊಗಳುತ್ತಾರೆ, ನೀನು ಅಣ್ಣನ ಮಾತಾಡು ಎಂದರು ಜುಜುನಾ. ಕಲಿಸಿದ್ದು ಬಾದ್ರಿಯೇ, ಸುಳ್ಳೇನಲ್ಲ. ಬೇಸಗೆಯಲ್ಲಿ ಅವನು ಕಲ್ಲಂಗಡಿ ತುಂಬಿಕೊಂಡು ಸಂತೆಗೆ ಹೋಗುವಾಗ ಚಿಕ್ಕವಳಿದ್ದ ಇವಳನ್ನೂ ಕರೆದೊಯ್ದು, ಲಾರಿಯ ಮೇಲೆ ಹಣ್ಣಿನ ರಾಶಿಯಲ್ಲಿ ನಿಲ್ಲಿಸಿ "ಕೂಗೇ, ಆ ಕಡೇ ಮೂಲೆಯಲ್ಲಿರೋ ಕಿವುಡಿಗೂ ಕೇಳಬೇಕು" ಎಂದು ಕೂಗಿಸುತ್ತಿದ್ದ. ಅವಳ ದನಿ ಬಲಿತದ್ದು ಅಲ್ಲಿ.

"ಮೊದಲು ಕಲ್ಲಂಗಡಿ ಹೇಳಿ ನಗಿಸು," ಎಂದು ತಿದ್ದುತ್ತಿದ್ದರು ಜುಜುನಾ. "ಕೊನೇಲಿ, 'ಅವನ ಹೆಸರು ಬಾದ್ರಿ, ಅವನು ಈಗಿಲ್ಲ' ಅನ್ನು. ಅಷ್ಟೇ. ತಲೆ ಬಾಗಿಸು, ಇಳಿದು ಬಾ. ಸಭೆ ಕರಗಿಹೋಗುತ್ತೆ. ಮೇಲೆ ಒಂದು ಮಾತೂ ಬೇಡ. ಟೈಮು ಮುಗಿದು ಗಂಟೆ ಹೊಡೆದ ಮೇಲೆ ಬಾಯಿ ತೆರೆದರೆ ಸ್ಪರ್ಧೆಯಿಂದ ಹೊರಗೆ, ಗೊತ್ತಲ್ಲ?"

ಜಗಲಿಯಲ್ಲಿ ಕೂತಿದ್ದ ತಾತ ಶಾಲ್ವಾ ಕೆಮ್ಮಿದ. ಅವನು ನಲವತ್ತು ವರ್ಷ ಆ ಊರಿನ ಮದುವೆಗೆ, ತಿಥಿಗೆ ತಮಾದಾ ಆಗಿದ್ದವನು. ಅಂದರೆ ಮೇಜಿನ ತಲೆಯಲ್ಲಿ ಕೂತು, ದ್ರಾಕ್ಷಾರಸದ ಲೋಟ ಎತ್ತಿ ಒಬ್ಬೊಬ್ಬರನ್ನೇ ಹರಸುವ ಯಜಮಾನ. ಬಾದ್ರಿ ಹೋದ ಮೇಲೆ ಯಾರು ಕರೆದರೂ ಹೋಗಿರಲಿಲ್ಲ.

"ಸತ್ತವರ ಮೇಲೆ ಮಾತು ನಿಲ್ಲಿಸಬಾರದು ಟೀಚರಮ್ಮ," ಎಂದ. "ಸತ್ತವರನ್ನ ನೆನೆದ ಮೇಲೆ ಮಕ್ಕಳನ್ನ ಹರಸಬೇಕು. ಬಾಗಿಲು ತೆರೆದಿಟ್ಟು ಎದ್ದು ಹೋಗ್ತಾರಾ ಯಾರಾದ್ರೂ?"

"ಶಾಲ್ವಾ ಮಾವ, ಅದು ಊಟದ ಮೇಜಲ್ಲ, ಸ್ಪರ್ಧೆ. ಅಲ್ಲಿ ಲೋಟವೂ ಇಲ್ಲ, ಹುರಿದ ಮಾಂಸವೂ ಇಲ್ಲ."

"ಲೋಟ ಇಲ್ಲದಿದ್ರೆ ಸತ್ತವರು ಬರಲ್ವಾ?"

"ನಿಮ್ಮ ಹತ್ರ ಮಾತಾಡಿ ಗೆದ್ದೋರಿಲ್ಲ ಬಿಡಿ," ಎಂದು ನಕ್ಕರು ಜುಜುನಾ. ನಕ್ಕ ಮೇಲೆ ಎಲಿಸೋ ಇರುವುದು ನೆನಪಾಗಿ ಬಾಯಿಗೆ ಸೆರಗು ಹಿಡಿದವರಂತೆ ಗಪ್ಪಾದರು.

ಎಲಿಸೋ ಟೀಚರು ಹೇಳಿಕೊಟ್ಟ ಹಾಗೇ ಬಾಯಿಪಾಠ ಮಾಡಿದಳು. ತಾತನದು, ಟೀಚರದು, ಅವಳಿಗೆ ಎರಡೂ ಒಂದೇ ಆಗಿತ್ತು. ಟೀಚರ ದಾರಿಯಲ್ಲಿ ತ್ಬಿಲಿಸಿ ಇತ್ತು, ಅದಕ್ಕೆ ಆ ದಾರಿ.

ಸ್ಪರ್ಧೆಯ ದಿನ ಓಮರಿಯ ವ್ಯಾನಿನಲ್ಲಿ ತೆಲಾವಿಗೆ ಹೋದರು. ಓಮರಿ ಊರಿನ ವ್ಯಾನು ಹೊಡೆಯುವವನು, ಬಾಯಿಬಡುಕ. ಸಂತೆಗೆ ಹೋಗುವ ಹೆಂಗಸರನ್ನು ದಾರಿಯುದ್ದಕ್ಕೂ ರೇಗಿಸುವುದು ಅವನ ಕಸುಬಿನ ಅರ್ಧ. ಆದರೆ ಎಲಿಸೋ ಹತ್ತಿದ ದಿನ ಅವನೂ ಹಾಡು ಆರಿಸಿ, ಶವದ ಗಾಡಿ ಹೊಡೆಯುವವನಂತೆ ನಿಧಾನಕ್ಕೆ ಹೊಡೆದ. ಕೋಳಿ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಕೋಳಿಗೂ "ಶ್!" ಎಂದಳು.

ಸಭಾಂಗಣ ತುಂಬಿತ್ತು. ಸುತ್ತಮುತ್ತಲ ಊರುಗಳ ಅಪ್ಪಂದಿರು, ತಾತಂದಿರು, ಕೆಲಸ ಬಿಟ್ಟು ಬಂದವರು, ಚಳಿಗೆ ಒಳಗೆ ಬಂದವರು, ಎಲ್ಲ ಇದ್ದರು. ಮೇಜಿನ ಹಿಂದೆ ತೀರ್ಪುಗಾರರು. ಇಬ್ಬರು ಅದೇ ಸೀಮೆಯ ಗಂಡಸರು. ನಡುವೆ ತ್ಬಿಲಿಸಿಯ ಹೆಂಗಸು, ಕನ್ನಡಕದವಳು, ಮುಂದೆ ಗಂಟೆ ಇಟ್ಟುಕೊಂಡಿದ್ದಳು. ಎಲಿಸೋಗಿಂತ ಮೊದಲು ಪಕ್ಕದೂರಿನ ಗೆಲಾ ಎಂಬ ಹುಡುಗ ತನ್ನ ಜೇನು ಸಾಕುವ ಚಿಕ್ಕಪ್ಪನ ಮೇಲೆ ಮಾತಾಡಿದ. ಮೊದಲು ತೊದಲಿದ, ಆಮೇಲೆ ಚೆನ್ನಾಗಿಯೇ ಮುಗಿಸಿದ.

ಎಲಿಸೋ ವೇದಿಕೆ ಹತ್ತಿದಳು. ಕಾಲು ನಡುಗಲಿಲ್ಲ. ಕಲ್ಲಂಗಡಿಯ ಮಾತು ಬಂದಾಗ ಜನ ನಕ್ಕರು. ಸಂತೆಯ ಕೂಗನ್ನು ಒಂದು ಸಲ ಕೂಗಿ ತೋರಿಸಿದಳು. ಕಡೇ ಸಾಲಿನವರು ಚಪ್ಪಾಳೆ ಹೊಡೆದರು. ಯಾರದೋ ಮಾತನ್ನು ಯಾರದೋ ಬಾಯಲ್ಲಿ ಆಡಿದ ಹಾಗೆ ಅವಳಿಗೆ ಅನ್ನಿಸುತ್ತಿತ್ತು. ತ್ಬಿಲಿಸಿಯ ಹೆಂಗಸು ಏನೋ ಬರೆದುಕೊಂಡು ಪಕ್ಕದವನಿಗೆ ತೋರಿಸಿದಳು. ಅವನು ತಲೆದೂಗಿದ. ಮರೆಯಲ್ಲಿ ನಿಂತಿದ್ದ ಜುಜುನಾ ಎರಡೂ ಕೈ ಮುಷ್ಟಿ ಮಾಡಿಕೊಂಡಿದ್ದರು. ಗೆಲುವು ಬಂದು ಹೊಸಿಲಲ್ಲಿ ನಿಂತಿತ್ತು.

"ಅವನ ಹೆಸರು ಬಾದ್ರಿ," ಎಂದಳು ಎಲಿಸೋ. "ಅವನು ಈಗಿಲ್ಲ."

ತಲೆ ಬಾಗಿಸಿದಳು. ಬಾಗಿಸಿದ ತಲೆಗೆ ಒಂದು ಸದ್ದು ಕೇಳಿಸಿತು. ಕುರ್ಚಿ ಮಡಚಿಕೊಳ್ಳುವ ಸದ್ದು. ಮೊದಲು ಹಿಂದೆ ಎಲ್ಲೋ ಒಂದು, ಆಮೇಲೆ ನಾಲ್ಕಾರು, ಆಮೇಲೆ ಸಾಲಿಗೆ ಸಾಲು.

ತಲೆ ಎತ್ತಿದಳು. ಸಭೆಯ ಗಂಡಸರೆಲ್ಲ ಎದ್ದು ನಿಂತಿದ್ದರು. ಟೋಪಿ ತೆಗೆದು ಎದೆಗೆ ಹಿಡಿದಿದ್ದರು. ಓಮರಿಯೂ ನಿಂತಿದ್ದ. ಮೇಜಿನ ಹಿಂದಿನ ಇಬ್ಬರು ತೀರ್ಪುಗಾರರೂ ನಿಂತಿದ್ದರು. ಯಾರೂ ಯಾರಿಗೂ ಹೇಳಿರಲಿಲ್ಲ. ಸತ್ತವನ ಹೆಸರು ಎತ್ತಿ ಮಾತಾಡಿದರೆ ಆ ಸೀಮೆಯ ಗಂಡಸು ಕೂತಿರುವುದಿಲ್ಲ. ಮೇಜಾಗಲಿ, ಬಯಲಾಗಲಿ, ಕಾಲು ತಾನಾಗಿ ಎದ್ದುಬಿಡುತ್ತದೆ. ಎದ್ದವನು, ಮಾತೆತ್ತಿದವರು ಮಾತನ್ನು ಬದುಕಿನ ಕಡೆಗೆ ತಿರುಗಿಸುವ ತನಕ ಕೂರುವುದೂ ಇಲ್ಲ.

ಅವರೆಲ್ಲ ಅವಳನ್ನೇ ನೋಡುತ್ತ ಕಾದರು.

ಜುಜುನಾ ಮರೆಯಿಂದ ಕೈ ಬೀಸಿದರು. ಇಳಿ, ಇಳಿದು ಬಾ! ಎಲಿಸೋಗೆ ಕಂಡಿತು. ಇಳಿದರೆ ತ್ಬಿಲಿಸಿ ಎಂಬುದೂ ಗೊತ್ತಿತ್ತು. ಮುಂದಿನ ಸಾಲಿನಲ್ಲಿ ಕೋಲು ಊರಿದ ಮುದುಕನೊಬ್ಬನ ಮಂಡಿ ನಡುಗುತ್ತಿತ್ತು. ಅವನೂ ಕೂರಲಿಲ್ಲ. ಬಾದ್ರಿಯನ್ನು ಇಷ್ಟು ಜನರ ನಡುವೆ ನಿಲ್ಲಿಸಿ ಹೇಗೆ ಹೋಗುವುದು ಎಂದು ಅವಳು ಯೋಚಿಸಿದಳೆಂದರೆ ಅದು ಸುಳ್ಳು. ಅವಳು ಏನೂ ಯೋಚಿಸಲಿಲ್ಲ. ಸುಮ್ಮನೆ ನಿಂತಳು. ನಿಂತಿದ್ದಾಗಲೇ ಗಂಟೆ ಹೊಡೆಯಿತು.

ಹಾಲು ಉಕ್ಕಿದರೆ ಕೈ ತಾನಾಗಿ ಒಲೆಯ ಕಡೆಗೆ ಹೋಗುವ ಹಾಗೆ ಬಾಯಿ ತೆರೆಯಿತು.

"ಇನ್ನು ಮಕ್ಕಳಿಗೆ," ಎಂದಳು. "ಹುಟ್ಟಿರೋರಿಗೆ, ಹುಟ್ಟೋರಿಗೆ. ಬೆಳಗಾಗೆದ್ದು ಮನೆ ತುಂಬ ಗಲಾಟೆ ಮಾಡೋರಿಗೆ. ಅವರು ಬಾಳಲಿ."

"ಗೌಮಾರ್ಜೋಸ್!" ಎಂದು ಹರಸಿತು ಸಭೆ, ಒಂದೇ ದನಿಯಲ್ಲಿ, ಕೈಯಲ್ಲಿ ಲೋಟ ಇದ್ದವರಂತೆ. ಆಮೇಲೆ ಎಲ್ಲರೂ ಕೂತರು. ಮುದುಕ ಉಸ್ಸೆಂದ.

ತ್ಬಿಲಿಸಿಯ ಹೆಂಗಸು ಕೆಟ್ಟವಳಲ್ಲ. ಎಲಿಸೋಳನ್ನು ಹತ್ತಿರ ಕರೆದು ಹೇಳಿದಳು. "ಗಂಟೆ ಆದ ಮೇಲೆ ಮಾತಾಡಿದೆಯಲ್ಲ ಮಗು. ನಿನ್ನನ್ನ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ."

"ಅವಳು ಮಾತಾಡದೆ ಹೋಗಿದ್ರೆ ನಾವು ಇನ್ನೂ ನಿಂತೇ ಇರ್ತಿದ್ವಿ ಮೇಡಂ," ಎಂದ ಪಕ್ಕದ ತೀರ್ಪುಗಾರ.

"ನಿಮ್ಮನ್ನ ಯಾರ್ರೀ ನಿಲ್ಲೋಕೆ ಹೇಳಿದ್ದು? ಇದೇನು ಮದುವೆ ಮನೆನಾ? ನಮ್ಮಜ್ಜನ ಮನೇಲಿ ನಾನೂ ಇದೆಲ್ಲ ನೋಡಿದೀನಿ. ಆದ್ರೆ ಉಳಿದ ಮಕ್ಕಳಿಗೆ ಏನ್ ಹೇಳಲಿ? ಅವರೆಲ್ಲ ಗಂಟೆಗೆ ನಿಲ್ಲಿಸಿದಾರೆ."

ಅವನು ಟೋಪಿ ತಿರುಗಿಸುತ್ತ ಕೂತ. ಬಹುಮಾನ ಜೇನಿನ ಗೆಲಾಗೆ ಹೋಯಿತು.

ಎಲಿಸೋ "ಆಯ್ತು" ಎಂದಳು. ಜುಜುನಾ ಅತ್ತರು, ಇವಳು ಅಳಲಿಲ್ಲ.

ವಾಪಸು ವ್ಯಾನಿನಲ್ಲಿ ಬರುವಾಗ ತೆಲಾವಿಯ ಹೊರಗಿನ ತಿರುವು ದಾಟುವ ತನಕ ಯಾರೂ ತುಟಿ ಬಿಚ್ಚಲಿಲ್ಲ. ಆಮೇಲೆ ಓಮರಿ ಕನ್ನಡಿಯಲ್ಲಿ ಅವಳನ್ನು ನೋಡಿ ಗಂಟಲು ಸರಿಮಾಡಿಕೊಂಡ.

"ಏನೇ ಎಲಿಸೋ, ಕೈಗೆ ಬಂದ ತ್ಬಿಲಿಸೀನ ಹೋಗಿಹೋಗಿ ಆ ಮುದುಕನ ಮಂಡಿಗೆ ಬಲಿ ಕೊಟ್ಟುಬಿಟ್ಟೆಯಲ್ಲೇ!"

ಕೋಳಿಯವಳು ಮೊದಲು ಕಿಸಕ್ಕೆಂದಳು. "ಅವಳನ್ನ ಯಾಕೋ ಅಂತೀಯ? ಎಲ್ಲರಿಗಿಂತ ಮುಂಚೆ ಎದ್ದೋನು ನೀನೇ ಅಂತೆ!"

"ನಾನು ಎದ್ದಿದ್ದು ಬೀಡಿ ಸೇದೋಕೆ ಹೊರಗೆ ಹೋಗೋಣ ಅಂತ ಕಣಕ್ಕೋ. ತಿರುಗಿ ನೋಡ್ತೀನಿ, ಊರೇ ಎದ್ದು ನಿಂತದೆ!"

"ಸುಳ್ಳ! ಮೂಗು ಒರೆಸ್ಕೋತಿದ್ದೆ," ಎಂದರು ಜುಜುನಾ, ತಮ್ಮ ಮೂಗನ್ನೇ ಒರೆಸಿಕೊಳ್ಳುತ್ತ.

"ಶೀತ ಟೀಚರೇ, ಶೀತ. ಎಲಿಸೋ, ನಮ್ಮ ಮಗಳ ಮದುವೆಗೆ ನೀನೇ ತಮಾದಾ ಆಗಮ್ಮ. ಆದ್ರೆ ಬೇಗ ಕೂರಿಸು, ನಂಗೂ ಮಂಡಿ ಇದೆ."

ಎಲ್ಲರೂ ಜೋರಾಗಿ ನಕ್ಕರು. ಅವಳ ಮುಂದೆಯೇ, ಅವಳನ್ನೇ ಆಡಿಕೊಂಡು ನಕ್ಕರು. ಎಲಿಸೋ ನಗಲಿಲ್ಲ. "ನಿಂಗೆ ಮಗಳೇ ಇಲ್ವಲ್ಲ ಓಮರಿ ಮಾವ," ಎಂದಳು. ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಯಾರೋ ರೊಟ್ಟಿ, ಗಿಣ್ಣು ಕೈಗಿಟ್ಟರು. ತಿಂದಳು. ಉಪ್ಪು ಸ್ವಲ್ಪ ಹೆಚ್ಚಾಗಿದೆ ಅನ್ನಿಸಿತು.

ಮನೆಯಲ್ಲಿ ತಾತ ಕೇಳಿದ. "ಕೂರಿಸಿದೆಯಂತೆ?"

"ಹೂಂ ತಾತ."

"ಸೀಟು ಹೋಯ್ತಾ?"

"ಹೋಯ್ತು."

ಶಾಲ್ವಾ ತನ್ನ ಅಂಗೈ ನೋಡಿಕೊಂಡ. ನಾರ್ಗಿಜಾ ಒಳಗಿನಿಂದ "ನೀರು ತರೋರು ಯಾರೇ, ನಿಮ್ಮಜ್ಜಿನಾ?" ಎಂದು ಕೂಗಿದಳು. ಬಾದ್ರಿ ಹೋದಾಗಿನಿಂದ ಅವಳು ಮಗಳನ್ನು ಹಾಗೆ ಕೂಗಿರಲಿಲ್ಲ. ಎಲಿಸೋ ಕೊಡ ಎತ್ತಿಕೊಂಡು ಹೋದಳು.

ಸೋಮವಾರ ಪಕ್ಕದೂರಿನ ಗೆಲಾ ಎರಡು ಡಬ್ಬಿ ಜೇನು, ಒಂದು ಪೆಟ್ಟಿಗೆ ಕಟ್ಟಿಕೊಂಡು ಓಮರಿಯ ವ್ಯಾನಿನಲ್ಲೇ ತ್ಬಿಲಿಸಿಗೆ ಹೊರಟುಹೋದ.