ಪೆಟ್ಟಿಗೆಯಲ್ಲಿ ಬಿಳಿ ಇರಲಿಲ್ಲ

ನನ್ನ ಗಂಡ ಚನ್ನಬಸಯ್ಯನನ್ನು ಮಣ್ಣು ಮಾಡಿ ಬಂದ ಮೇಲೆ ನೆಂಟರೆಲ್ಲ ಹೋದರು. ಅನಗೋಳದ ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ ಉಳಿದ ಮೊದಲ ಬೆಳಿಗ್ಗೆ ನಳ ಬಂತು. ಕೊಡ ತುಂಬಿದೆ. ಹಾಲಿನವನು ಎಂದಿನಷ್ಟೇ ಹಾಲು ಹಾಕಿ ಹೋದ. ಹೆಚ್ಚಾದದ್ದಕ್ಕೆ ಹೆಪ್ಪು ಹಾಕಿದೆ.

ಆಮೇಲೆ ಚನ್ನಬಸಯ್ಯನ ಮೇಜು ಒರೆಸಿದೆ. ಅವನು ಕಪ್ಪು-ಬಿಳುಪು ಫೋಟೋಗಳಿಗೆ ಬಣ್ಣ ಹಾಕುತ್ತಿದ್ದ. ಖಾನಾಪುರದ ಒಂದು ಸ್ಟುಡಿಯೋದಿಂದ ಕೆಲಸ ಬರುತ್ತಿತ್ತು. ಅದರ ಮಾಲೀಕರು ತ್ರ್ಯಂಬಕ. ಅವರು ಮುಂಬಯಿಯಿಂದ ತರಿಸಿದ ಹೊಸ ಬಣ್ಣದ ಪೆಟ್ಟಿಗೆ ಮೇಜಿನ ಮೇಲಿತ್ತು. ಬಿಲ್ಲೆಯಲ್ಲ, ಟ್ಯೂಬಲ್ಲ, ಸಣ್ಣ ಶೀಸೆಗಳಲ್ಲಿ ನೀರಾಗಿಯೇ ಬರುವ ಜಲವರ್ಣ. ಹಾಕಿ ನೋಡಿ ಹೇಳುತ್ತೇನೆಂದು ಎರವಲು ತಂದಿದ್ದ. ಅಷ್ಟರಲ್ಲಿ ಜ್ವರ ಬಂತು, ಅದರ ಹಿಂದೆ ಕಾಮಾಲೆ. ಶೀಸೆಗಳ ಬಿರಡೆ ಬಿಚ್ಚಿರಲೇ ಇಲ್ಲ.

ಮಧ್ಯಾಹ್ನ ತ್ರ್ಯಂಬಕರೇ ಬಂದರು. ಮಣ್ಣಿನ ದಿನ ಪದ್ಧತಿಯಂತೆ ಅವನನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಹಾರ ಹಾಕಿದಾಗ ತೆಗೆದ ಫೋಟೋವನ್ನು ದೊಡ್ಡದು ಮಾಡಿ ತಂದಿದ್ದರು.

"ಬಣ್ಣದ ಪೆಟಗಿ ಇಲ್ಲೇ ಇರ್ಲಿ ವಹಿನಿ, ಗಡಬಡ ಇಲ್ಲ. ಲಗ್ನದ ಫೋಟೋ ಕೆಲಸ ಸುರು ಆಗೂದ್ರಾಗ ಬಂದ್ರ ಸಾಕು," ಎಂದು ಚಹಾ ಕುಡಿಯದೆ ಹೋದರು.

ಅತ್ತೆ ಬಸವಣ್ಣೆವ್ವ ಫೋಟೋ ತೊಡೆಯ ಮೇಲಿಟ್ಟುಕೊಂಡರು. ಜಾಂಬೋಟಿಯಿಂದ ಅವರು ಬಂದು ಮುಟ್ಟುವಷ್ಟರಲ್ಲಿ ಮಗ ಹೋಗಿದ್ದ.

"ನಾ ಬರೂದ್ರಾಗ ಅವನ ಕಣ್ಣ ಮುಚ್ಚಿಬಿಟ್ಟಿದ್ರಿ. ಇದರಾಗರೆ ತೆರದಿರ್ಲಿ. ಊರ ಮಂದೀ ಕಣ್ಣೆಲ್ಲಾ ತೆರದ ಕೊಟ್ಟಾನ ಅಂವ. ಅವಂದು ಯಾರ ತೆರೀಬೇಕು? ನೀನ ತೆರಿ."

ಸತ್ತವರ ಫೋಟೋದಲ್ಲಿ ಮುಚ್ಚಿದ ರೆಪ್ಪೆಯ ಮೇಲೆ ತೆರೆದ ಕಣ್ಣು ಬರೆದು ಕೊಡುವುದೂ ಅವನ ಕೆಲಸವಾಗಿತ್ತು. ನಾನು ಪಕ್ಕದಲ್ಲಿ ಕುಳಿತು ನೋಡಿದ್ದೆ. ಆಸ್ಪತ್ರೆಯಲ್ಲಿ ಅವನ ಕಣ್ಣು ಮುಚ್ಚಿದವಳು ನಾನು. "ನೋಡ್ತೀನ್ರಿ," ಎಂದೆ.

ಧಾರವಾಡದಲ್ಲಿ ರಸಾಯನಶಾಸ್ತ್ರ ಓದುವಾಗ ಕಲಿತ ಅಭ್ಯಾಸ, ಯಾವುದನ್ನೂ ಮೊದಲು ತುಣುಕಿನ ಮೇಲೆ ನೋಡುವುದು. ಕೆಟ್ಟ ಪ್ರಿಂಟುಗಳನ್ನು ಒದ್ದೆ ಹತ್ತಿಯಿಂದ ನೆನೆಸಿ ಶೀಸೆಗಳನ್ನು ಬಿಚ್ಚಿದೆ. ಹಳದಿಯ ಒಂದು ಹನಿಗೆ ತಟ್ಟೆಯ ನೀರೆಲ್ಲ ಹಳದಿಯಾಯಿತು. ಕೊನೆಯ ವಾರ ಅವನ ಕಣ್ಣು ಆ ಬಣ್ಣಕ್ಕಿತ್ತು. ತಟ್ಟೆ ತೊಳೆದೆ.

ಬಣ್ಣ ತೆಳುವಾಗಿ, ಸಮನಾಗಿ ಹರಡುತ್ತಿತ್ತು. ಬಿಲ್ಲೆಯ ಬಣ್ಣವಾದರೆ ತಪ್ಪಿದ್ದನ್ನು ಒರೆಸಬಹುದು, ಇದನ್ನು ಒರೆಸಲು ಬರುವುದಿಲ್ಲ, ಕಾಗದದೊಳಗೆ ಇಳಿದುಬಿಡುತ್ತದೆ. ಕಪ್ಪಿನ ಮೇಲೆ ಏನೂ ಕಾಣುವುದಿಲ್ಲ. ಪೆಟ್ಟಿಗೆಯಲ್ಲಿ ಬಿಳಿ ಇರಲಿಲ್ಲ. ಬಿಳಿ ಬೇಕಾದಲ್ಲಿ ಕಾಗದವನ್ನು ಹಾಗೆಯೇ ಬಿಡಬೇಕು. ವಿಭೂತಿಗೆ ಅದು ಸರಿ. ಮುಚ್ಚಿದ ರೆಪ್ಪೆಯಲ್ಲಿ ಬಿಡುವಂಥ ಬಿಳಿ ಇರಲಿಲ್ಲ.

ಮರುದಿನ ಶಾಲಿಗೆ, ಹಾರಕ್ಕೆ, ಮುಖಕ್ಕೆ ಬಣ್ಣ ಹಾಕಿದೆ. ತುಟಿಗೆ ಕೆಂಪು ಮುಟ್ಟಿಸಿದೆ. ಹಸಿಯಿದ್ದಾಗ ತಿಳಿಯಾಗಿತ್ತು. ಆರಿದ ಮೇಲೆ ಅತ್ತೆಯ ಮುಂದೆ ಇಟ್ಟೆ.

"ಕಣ್ಣು?"

"ಈ ಬಣ್ಣದಾಗ ಬಿಳಿ ಇಲ್ರಿ ಅತ್ತಿ."

"ನನಗೇನ್ ಹೇಳ್ತಿ? ಬಣ್ಣಕ್ಕಿಂತ ಮೊದಲ ಬ್ಲೇಡಿಲೆ ರೆಪ್ಪಿ ಕೆರೀತಿದ್ದ. ಒಳಗಿಂದ ಕಾಗದ ಬೆಳ್ಳಗ ಬರ್ತಿತ್ತು. ನಾ ನೋಡೇನಿ."

ಅದು ನಿಜ. ಬ್ಲೇಡು ಮೇಜಿನ ಮೇಲೆಯೇ ಇತ್ತು.

"ನನ್ನಿಂದ ಆಗೂದಿಲ್ರಿ."

"ಬಿ.ಎಸ್ಸಿ. ಓದಿದಾಕಿಗೆ ಇಷ್ಟ ಆಗೂದಿಲ್ಲ?"

"ಎಮ್.ಎಸ್ಸಿ.," ಎಂದೆ. ಬ್ಲೇಡು ತಂದು ಅವರ ಕೈಗೆ ಕೊಟ್ಟೆ. "ನೀವ ಕೆರೀರಿ."

ಅವರು ಕನ್ನಡಕ ಏರಿಸಿ, ಎಡ ಅಂಗೈಯಿಂದ ಫೋಟೋ ಒತ್ತಿ ಹಿಡಿದು ಬ್ಲೇಡನ್ನು ರೆಪ್ಪೆಯವರೆಗೆ ಒಯ್ದರು. ನಾನು ತಡೆಯಲಿಲ್ಲ. ಓಣಿಯಲ್ಲಿ ಯಾರೋ ಬಳೆಗಾರನನ್ನು ಕರೆದರು. ಅತ್ತೆ ಬ್ಲೇಡನ್ನು ನೆಲದ ಮೇಲಿಟ್ಟು ಹೆಬ್ಬೆರಳಿನಿಂದ ರೆಪ್ಪೆ ಸವರಿದರು.

"ಇರ್ಲಿ ಬಿಡು," ಎಂದರು. ಬೆರಳನ್ನು ತುಟಿಗೆ ಇಳಿಸಿ, "ತುಟಿ ಏನ ಇದು? ಎಲಿ ಅಡಿಕಿ ತಿಂದ ಕುಂತಾಂವನಂಗ ಮಾಡೀದಿ."

"ಆರಿದ ಮ್ಯಾಲ ಕೆಂಪು ಏರೇದ್ರಿ."

"ಜನ್ಮದಾಗ ಒಂದ ಎಲಿ ತಿಂದಾಂವ ಅಲ್ಲ," ಎಂದು ನಕ್ಕರು. ನಗು ಬೇಗ ನಿಲ್ಲಲಿಲ್ಲ. ನಾನು ಒಳಗೆ ಹೋಗಿ ಅನ್ನಕ್ಕಿಟ್ಟೆ. ಹೊರಗೆ ಬಂದಾಗ ಅವರೇ ಸ್ಟೂಲಿನ ಮೇಲೆ ನಿಂತು ಗೋಡೆಗೆ ಮೊಳೆ ಹೊಡೆಯುತ್ತಿದ್ದರು.

ವಾರದ ಕೊನೆಗೆ ಪೆಟ್ಟಿಗೆ ತೆಗೆದುಕೊಂಡು ಬಸ್ಸಿನಲ್ಲಿ ಖಾನಾಪುರಕ್ಕೆ ಹೋದೆ. ತ್ರ್ಯಂಬಕರು ಸ್ಟುಡಿಯೋದ ಪರದೆ ಸರಿಸಿ ಹೊರಗೆ ಬಂದರು.

"ಕುಂದರ್ರಿ ವಹಿನಿ. ಬಣ್ಣ ಹ್ಯಾಂಗ್ ಅದ? ಖರೇ ಹೇಳ್ರಿ."

"ಚಲೋ ಅದಾವ್ರಿ. ಕೆಂಪು ಮಾತ್ರ ಆರಿದ ಮ್ಯಾಲ ಏರ್ತದ, ನೀರ ಜಾಸ್ತಿ ಹಾಕ್ರಿ. ತಪ್ಪಿದ್ರ ಒರಸಾಕ ಬರೂದಿಲ್ಲ."

"ಮತ್ತ ಕಣ್ಣು?"

"ಕಣ್ಣಿಗೆ ಇದು ಅಲ್ರಿ."

ಅವರು ಕೆಂಪಿನ ಶೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಫೋಟೋ ಕೆಟ್ಟಿದ್ರ ಹೇಳ್ರಿ. ಫಿಲ್ಮು ನನ್ನ ಕಡೆ ಅದ, ಇನ್ನೊಂದ್ ತೆಗದ ಕೊಡ್ತೀನಿ."

"ಬ್ಯಾಡ್ರಿ," ಎಂದೆ. "ಅತ್ತಿ ಅದನ್ನ ಗ್ವಾಡಿಗೆ ಹಾಕ್ಯಾರ."

ಪೆಟ್ಟಿಗೆಯನ್ನು ಅವರ ಕಡೆಗೆ ಸರಿಸಿ ಎದ್ದೆ.