ಬೀವನ್ ಸಮಾಧಿಯ ಮೂರನೆಯ ಜಾಗ

ನನ್ನ ಹೆಂಡತಿ ಓಲ್ವೆನ್ ತೀರಿಕೊಂಡು ಆ ಬುಧವಾರಕ್ಕೆ ಎಂಟು ದಿನ. ಅವಳ ದೇಹ ಪೇಟೆಯ ಶವಸಂಸ್ಕಾರದವರ ತಣ್ಣನೆಯ ಕೋಣೆಯಲ್ಲಿ ಕಾದಿತ್ತು. ಶನಿವಾರ ಮಣ್ಣು ಮಾಡುವುದೆಂದು ನಿಶ್ಚಯವಾಗಿತ್ತು. ಬುಧವಾರವಾದರೂ ಎಲ್ಲಿ ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ.

ಎಲ್ಲಿ ಎಂದು ಅವಳೇ ಹೇಳಿ ಹೋಗಿದ್ದಳು. ಆಸ್ಪತ್ರೆಯಲ್ಲಿ ಕೊನೆಯ ಸಂಜೆ ನನ್ನ ಕೈ ಹಿಡಿದು, “ಇಥೆಲ್, ನನ್ನನ್ನ ಬೀವನ್ ಕಲ್ಲಿನ ಕೆಳಗೇ ಇಡಿ. ನಮ್ಮವರ ಹತ್ರ. ಆ ರಸ್ತೆ ಮೇಲಿನ ಹೊಸ ಸ್ಮಶಾನಕ್ಕೆ ಒಯ್ಯಬೇಡಿ. ಅಲ್ಲಿ ನಂಗೆ ಯಾರ ಪರಿಚಯವೂ ಇಲ್ಲ” ಎಂದಳು. ನಾನು ಆಗಲಿ ಎಂದು ಮಾತು ಕೊಟ್ಟೆ. ಐವತ್ತೊಂದು ವರ್ಷದ ಸಂಸಾರದಲ್ಲಿ ಅವಳು ನನ್ನಿಂದ ಹಾಗೆ ಮಾತು ತೆಗೆದುಕೊಂಡದ್ದು ಅದೊಂದೇ ಸಲ.

ಬೀವನ್ ಕಲ್ಲು ನಮ್ಮ ಚರ್ಚಿನ ಅಂಗಳದ ದಕ್ಷಿಣಕ್ಕೆ, ಯೂ ಮರದ ಪಕ್ಕದಲ್ಲಿದೆ. ಅದರ ಮೇಲೆ ಎರಡೇ ಹೆಸರು. ಜೋಸಾಯ ಬೀವನ್, 1874. ಅವನ ಹೆಂಡತಿ ಕೆಜಾಯ, 1881. ಕೆಳಗಿನ ಅರ್ಧ ಖಾಲಿ. ಮೂವರಿಗೆ ಆಗುವಷ್ಟು ಆಳ ತೋಡಿದ್ದಾರೆಂದು ಹಳೆಯ ನಕ್ಷೆಯಲ್ಲಿ ಬರೆದಿದೆ.

ಓಲ್ವೆನ್ ಹುಟ್ಟುವ ಮೊದಲಿನಿಂದಲೂ ಆ ಕಲ್ಲನ್ನು ತೊಳೆದದ್ದು ಅವರ ಮನೆಯ ಹೆಂಗಸರೇ. ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರವನ್ನು ನಮ್ಮ ಕಡೆ ಹೂವಿನ ಭಾನುವಾರ ಎನ್ನುತ್ತಾರೆ. ಹಿಂದಿನ ದಿನ ಊರಿನವರೆಲ್ಲ ಬಕೆಟ್ಟು, ಬ್ರಷ್ಷು, ಸುಣ್ಣ ಹಿಡಿದು ಬಂದು ತಮ್ಮ ತಮ್ಮವರ ಕಲ್ಲು ಉಜ್ಜಿ, ಅಂಚಿಗೆ ಸುಣ್ಣ ಬಳಿದು, ಡ್ಯಾಫಡಿಲ್ ಹೂ ಇಡುತ್ತಾರೆ. ಬೇರೆಯವರ ಕಲ್ಲನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಿದರೆ ಪರರ ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದಷ್ಟು ತಪ್ಪು. ಯಾರು ತೊಳೆಯುತ್ತಾರೋ ಅವರದೇ ಸಮಾಧಿ ಎಂದು ಊರು ತಿಳಿಯುತ್ತದೆ. ಕಾಗದ ಪತ್ರ ಯಾರೂ ಕೇಳುವುದಿಲ್ಲ. ಓಲ್ವೆನ್‌ಳ ಮುತ್ತಜ್ಜಿ ಹ್ಯಾನಾ, ಅಜ್ಜಿ ಟೇಮರ್, ತಾಯಿ, ಕೊನೆಗೆ ಓಲ್ವೆನ್. ನೂರಮೂವತ್ತು ವರ್ಷ ಒಂದು ವರ್ಷವೂ ತಪ್ಪಲಿಲ್ಲ.

ಹ್ಯಾನಾ ಬೀವನ್ನರ ಜಮೀನಿನ ಮನೆಯಲ್ಲಿ ಕೆಲಸಕ್ಕಿದ್ದವಳು. ಟೇಮರ್ ಆ ಮನೆಯ ಮಗನಿಗೆ ಹುಟ್ಟಿದವಳೆಂದು ನಮ್ಮ ಅತ್ತೆ ದನಿ ತಗ್ಗಿಸಿ ಹೇಳುತ್ತಿದ್ದರು. ಇಲ್ಲದಿದ್ದರೆ ಆಕೆ ಅವರ ಕಲ್ಲನ್ನೇಕೆ ತೊಳೆಯುತ್ತಿದ್ದಳು? ನಾವೂ ಹಾಗೇ ನಂಬಿದ್ದೆವು.

ಆದರೆ ಬುಧವಾರ ನಮ್ಮ ಪಾದ್ರಿಯಮ್ಮ ಕ್ಯಾರಿಸ್ ಮೆರೆಡಿತ್ ನನ್ನನ್ನು ಚರ್ಚಿನ ಪಕ್ಕದ ಕೋಣೆಗೆ ಕರೆಸಿದರು. ಅಲ್ಲಿ ಎಮ್ಲಿನ್ ಬೀವನ್ ಮೊದಲೇ ಬಂದು ಕುಳಿತಿದ್ದ. ಅವನು ಆ ಮನೆತನದ ಕೊನೆಯವನು, ಮದುವೆಯಾಗದವನು, ನನ್ನ ಜೊತೆ ಶಾಲೆಗೆ ಹೋದವನು. ನಾನು ಮೂವತ್ತು ವರ್ಷ ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡಿದ್ದರಿಂದ ನನ್ನನ್ನು ಹೆಸರು ಹಿಡಿದು ಕರೆಯುವವನಲ್ಲ.

“ಬಾ ಸಿಗ್ನಲ್, ಕೂತ್ಕೋ. ನನ್ನ ಗುಂಡೀನ ಕಸ್ಕೊಳ್ಳೋಕೆ ಬಂದಿದ್ದೀಯಂತೆ” ಎಂದ.

“ನಿನ್ನ ಗುಂಡಿ ಅಂತ ಯಾರಂದ್ರು? ಎಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಹೂವಾದ್ರೂ ಇಟ್ಟಿದ್ದೀಯಾ ಅದರ ಮೇಲೆ?”

“ನಾವು ಚಾಪೆಲ್‌ನವರು, ಬೇರೆ ಪಂಥ. ನಮ್ಮಜ್ಜ ನಿಮ್ಮ ಪಾದ್ರಿ ಜೊತೆ ಜಗಳ ಆಡಿ ಹೊರಟ ಮೇಲೆ ಈ ಗೇಟಿನೊಳಗೆ ನಾವ್ಯಾರೂ ಕಾಲಿಟ್ಟಿಲ್ಲ. ನಿಮ್ಮ ಹೆಂಗಸ್ರು ಕಲ್ಲು ತೊಳೀತಿದ್ರು, ಸಂತೋಷ. ನಮ್ಮನೆ ಮೆಟ್ಟಿಲನ್ನೂ ಅವರೇ ತೊಳೀತಿದ್ದದ್ದು. ಹಾಗಂತ ಮನೆ ಬರ್ಕೊಟ್ಟಿಲ್ಲ.”

“ಎಮ್ಲಿನ್!” ಎಂದರು ಪಾದ್ರಿ.

“ಹೌದು ಪಾದ್ರಿಯಮ್ಮ, ನನ್ನ ಬಾಯಿ ಕೆಟ್ಟದ್ದು. ಆದ್ರೆ ನಾನೆಲ್ಲಿಗೆ ಹೋಗ್ಲಿ, ನೀವೇ ಹೇಳಿ. ನಮ್ಮ ಚಾಪೆಲನ್ನ ಮಾರಿಬಿಟ್ರು. ಯಾರೋ ಬರ್ಮಿಂಗ್‌ಹ್ಯಾಮಿನವನು ಕೊಂಡ್ಕೊಂಡು ಪ್ರಸಂಗಪೀಠ ಇದ್ದ ಜಾಗದಲ್ಲಿ ಸ್ನಾನದ ತೊಟ್ಟಿ ಇಟ್ಟಿದ್ದಾನೆ. ನಮ್ಮಪ್ಪನ ಗೋರಿ ಈಗ ಅವನ ಹಿತ್ತಲು. ಉಳಿದಿರೋದು ಇದೊಂದೇ ಜಾಗ.”

ಪಾದ್ರಿ ಬಿಷಪ್ಪರ ಕಚೇರಿಯಿಂದ ಬಂದ ಪತ್ರ ಓದಿದರು. ನಮ್ಮ ಅಂಗಳ ಹೊಸ ಸಮಾಧಿಗಳಿಗೆ ಮುಚ್ಚಿ ನಲವತ್ತು ವರ್ಷವಾಯಿತು. ಹಳೆಯ ಸಮಾಧಿಯಲ್ಲಿ ಜಾಗವಿದ್ದರೆ, ಕಲ್ಲಿನ ಮೇಲೆ ಹೆಸರಿರುವವರ ರಕ್ತಸಂಬಂಧಿಗಳನ್ನು ಮಾತ್ರ ಇಡಬಹುದು. ಅಂಥ ಸಂಬಂಧ ಇದೆಯೆಂದು ಮನೆಯವರು ಬೈಬಲ್ ಮುಟ್ಟಿ ಪ್ರಮಾಣ ಮಾಡಿ ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಸಹಿ ಹಾಕಬೇಕು. ಇಬ್ಬರಿಗೂ ಸಂಬಂಧವಿದ್ದರೆ ಮೊದಲು ಸತ್ತವರಿಗೆ ಜಾಗ.

“ಅಂದ್ರೆ ಇವನ ಆಣೆ ಮೇಲೆ ನಿಂತಿದೆ ಎಲ್ಲ” ಎಂದ ಎಮ್ಲಿನ್.

“ಇಥೆಲ್ ಗ್ವಿಲಿಯಮ್ ಅವರು ನಮ್ಮ ಚರ್ಚಿನ ಮೇಲ್ವಿಚಾರಕರು. ಅವರ ಮಾತು ನನಗೆ ಸಾಕು” ಎಂದರು ಪಾದ್ರಿ.

ಎಮ್ಲಿನ್ ಏಳುತ್ತ ನನ್ನ ಕಿವಿಯ ಹತ್ತಿರ ಬಗ್ಗಿದ. “ಅವಳು ಅಲ್ಲಿಗೆ ಹೋದ್ರೆ ನಿನ್ನನ್ನ ರಸ್ತೆ ಮೇಲಿನ ಹೊಸ ಸ್ಮಶಾನದಲ್ಲಿ ಒಬ್ಬನ್ನೇ ಹಾಕ್ತಾರೆ, ಗೊತ್ತಲ್ಲ?”

ಗೊತ್ತಿತ್ತು. ಅದನ್ನು ಯೋಚಿಸದ ದಿನವಿರಲಿಲ್ಲ.

ಪಾದ್ರಿಗೆ ನನ್ನ ಮಾತು ಸಾಕಾದರೂ ನನಗೆ ಸಾಕಾಗಲಿಲ್ಲ. ದೇವರ ಹೆಸರಿನಲ್ಲಿ ಹೇಳುವುದನ್ನು ಒಮ್ಮೆ ಕಣ್ಣಾರೆ ನೋಡಿ ಹೇಳಬೇಕೆನಿಸಿತು. ಗುರುವಾರ ಊಟವಾದ ಮೇಲೆ ಒಬ್ಬನೇ ಚರ್ಚಿಗೆ ಹೋಗಿ ಅಲ್ಲಿನ ಕಬ್ಬಿಣದ ಪೆಟ್ಟಿಗೆಯ ಬೀಗ ತೆಗೆದು ಹಳೆಯ ಪುಸ್ತಕಗಳನ್ನು ಮೇಜಿನ ಮೇಲಿಟ್ಟುಕೊಂಡೆ. ಹೊರಗೆ ಹಿಮ ಬೆರೆತ ಮಳೆ ಸುರಿಯುತ್ತಿತ್ತು. ಬೆರಳು ಮರಗಟ್ಟಿ ಹಾಳೆ ತಿರುವುವುದೇ ಕಷ್ಟವಾಯಿತು.

ದೀಕ್ಷಾಸ್ನಾನದ ಪುಸ್ತಕದಲ್ಲಿ ಟೇಮರ್ ಬೇಗ ಸಿಕ್ಕಳು. 1884, ಮೇ ತಿಂಗಳು. ತಂದೆ, ಕಲ್ಲುಕುಟಿಗ ಥಾಮಸ್ ಪ್ರಾಬರ್ಟ್. ತಾಯಿ, ಅವನ ಹೆಂಡತಿ ಹ್ಯಾನಾ. ಮದುವೆಯ ಪುಸ್ತಕ ತೆಗೆದೆ. ಒಂದು ವರ್ಷದ ಮೊದಲೇ ಅವರಿಬ್ಬರ ಮದುವೆಯಾಗಿತ್ತು. ಮಾನ ಮುಚ್ಚಲು ಮಾಡಿದ ಮದುವೆಯಿರಬಹುದು ಎಂದು ಲೆಕ್ಕ ಹಾಕಿದೆ. ತಿಂಗಳುಗಳು ಹೊಂದಲಿಲ್ಲ. ಇನ್ನು ಉಳಿದದ್ದು ಸಮಾಧಿಯ ಪುಸ್ತಕ.

1881, ಮಾರ್ಚ್. ಕೆಜಾಯ ಬೀವನ್, ವಯಸ್ಸು ಅರವತ್ತಾರು. ಅದರ ಪಕ್ಕದಲ್ಲಿ, ಹಾಳೆಯ ಅಂಚಿನಲ್ಲಿ, ಅಂದಿನ ಪಾದ್ರಿ ಸಣ್ಣ ಅಕ್ಷರದಲ್ಲಿ ಬರೆದಿಟ್ಟಿದ್ದರು:

“ಇದೇ ಶವಪೆಟ್ಟಿಗೆಯಲ್ಲಿ, ಮೃತಳ ತೋಳಿನ ಬಳಿ, ಆಕೆಯ ಕೆಲಸದವಳು ಹ್ಯಾನಾಳ ಹೆಣ್ಣು ಕೂಸು. ಎರಡು ತಾಸು ಬದುಕಿತ್ತು. ದೀಕ್ಷಾಸ್ನಾನವಾಗಿಲ್ಲವಾದ್ದರಿಂದ ಅದಕ್ಕೆ ಪ್ರಾರ್ಥನೆ ಓದಲಿಲ್ಲ. ತಂದೆ, ರೈಲು ದಾರಿ ಹಾಕಲು ಬಂದು ಹೋದ ಕೂಲಿಯವನೆಂದು ತಾಯಿಯೇ ನನ್ನೆದುರು ಹೇಳಿದ್ದಾಳೆ. ಕೂಸನ್ನು ಬೇಲಿಯ ಹೊರಗೆ ಹೂಳಬಾರದು, ತನ್ನ ಜೊತೆ ಇಡಬೇಕು ಎಂದು ಕೆಜಾಯ ಬೀವನ್ ಸಾಯುವ ಮುನ್ನ ಕೇಳಿಕೊಂಡಳು. ನಾನು ಒಪ್ಪಿದೆ. ದೇವರು ಕ್ಷಮಿಸಲಿ.”

ಮೂರು ಸಲ ಓದಿದೆ. ಹ್ಯಾನಾ ತೊಳೆಯುತ್ತಿದ್ದದ್ದು ಬೀವನ್ನರ ಕಲ್ಲನ್ನಲ್ಲ. ಹೆಸರಿಲ್ಲದ ತನ್ನ ಮಗುವಿಗೆ ಬೇರೆ ಕಲ್ಲೇ ಇರಲಿಲ್ಲ. ಅದನ್ನು ಮಗಳಿಗೆ ಹೇಳಲಾರದೆ, ಬ್ರಷ್ಷನ್ನು ಮಾತ್ರ ಅವಳ ಕೈಗೆ ಕೊಟ್ಟು, ಇವರು ನಮ್ಮವರು ಎಂದಿರಬೇಕು. ಉಳಿದದ್ದನ್ನು ನಾವೇ ಕಟ್ಟಿಕೊಂಡೆವು.

ಓಲ್ವೆನ್‌ಳಲ್ಲಿ ಬೀವನ್ನರ ರಕ್ತ ಒಂದು ಹನಿಯೂ ಇರಲಿಲ್ಲ.

ಆ ಅಂಚಿನ ಬರಹವನ್ನು ಕಂಡವನು ನಾನೊಬ್ಬನೇ. ಪೆಟ್ಟಿಗೆಯ ಬೀಗದ ಕೈ ನನ್ನ ಜೇಬಿನಲ್ಲಿತ್ತು. ಎಮ್ಲಿನ್ ಬಳಿ ಬಾಯಿಮಾತು ಬಿಟ್ಟರೆ ಏನೂ ಇರಲಿಲ್ಲ. ಪುಸ್ತಕ ಮುಚ್ಚಿಟ್ಟು ನಾಳೆ ಸಹಿ ಹಾಕಿದರೆ ನನ್ನ ಮಾತು ಉಳಿಯುತ್ತದೆ. ಓಲ್ವೆನ್ ಬಯಸಿದಲ್ಲಿ ಮಲಗುತ್ತಾಳೆ. ಯಾರಿಗೆ ನಷ್ಟ? ಒಬ್ಬ ಒರಟನಿಗೆ, ಅದೂ ಅವನು ಸತ್ತ ಮೇಲೆ. ಹೀಗೆಲ್ಲ ನನ್ನ ಮನಸ್ಸು ವಾದ ಮಾಡಿತು. ಪ್ರಾರ್ಥಿಸಲು ಮೊಣಕಾಲೂರಿದರೆ ಪ್ರಾರ್ಥನೆ ಬರಲಿಲ್ಲ. ಅವಳ ಮುಖವೇ ಬಂತು. ಸ್ವಾಮೀ, ಇವಳಿಗೆ ಕೊಟ್ಟ ಮಾತನ್ನು ನಿನ್ನ ಹೆಸರಿನಲ್ಲಿ ಸುಳ್ಳು ಹೇಳಿ ಉಳಿಸಲೇ ಎಂದು ಕೇಳಿದೆ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಏಕೆ ತಂದೆನೆಂದು ನನಗೇ ತಿಳಿಯದು. ಒಲೆಯಲ್ಲಿ ಕಲ್ಲಿದ್ದಲು ಕೆಂಪಗೆ ಉರಿಯುತ್ತಿತ್ತು. ಅದರ ಮುಂದೆ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎಷ್ಟೋ ಹೊತ್ತು ಕುಳಿತಿದ್ದೆನೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಪಾದ್ರಿ ಕಾಗದವನ್ನೂ ಬೈಬಲ್ಲನ್ನೂ ಮೇಜಿನ ಮೇಲಿಟ್ಟರು. ಎಮ್ಲಿನ್ ಕಪ್ಪು ಸೂಟು ಹಾಕಿಕೊಂಡು ಎದುರಿಗೆ ಕುಳಿತಿದ್ದ.

“ಇಡಿಸಿ ಆಣೆ, ಪಾದ್ರಿಯಮ್ಮ. ಸಿಗ್ನಲ್ ಸುಳ್ಳು ಹೇಳಿದ್ರೆ ಅವನ ಕಿವಿ ಕೆಂಪಾಗತ್ತೆ. ಶಾಲೇಲೂ ಹಾಗೇ.”

ಬೈಬಲ್ಲಿನ ಮೇಲೆ ಕೈಯಿಟ್ಟೆ. ಪಾದ್ರಿ ಒಂದೊಂದೇ ಪದ ಹೇಳಿಕೊಡತೊಡಗಿದರು. “ಮೃತಳಾದ ನನ್ನ ಹೆಂಡತಿ ಓಲ್ವೆನ್...” ಅಷ್ಟನ್ನು ಹೇಳಿದೆ. ಅವಳ ಹೆಸರು ಬಾಯಿಗೆ ಬಂದದ್ದೇ ತಡ, ಮುಂದಿನದು ಹೊರಡಲಿಲ್ಲ. ಕೈ ತೆಗೆದೆ.

“ನಂಗೆ ಆಗಲ್ಲ” ಎಂದು ಚೀಲದಿಂದ ಪುಸ್ತಕ ತೆಗೆದು, ಗುರುತಿಟ್ಟ ಹಾಳೆ ಬಿಚ್ಚಿ ಮುಂದೆ ತಳ್ಳಿದೆ.

ಪಾದ್ರಿ ಓದಿ, ಪುಸ್ತಕವನ್ನು ಎಮ್ಲಿನ್ ಕಡೆ ತಿರುಗಿಸಿದರು. ಅವನು ಕನ್ನಡಕ ಹುಡುಕಿ, ಮೂಗಿಗೇರಿಸಿ, ಸಾಲಿನ ಕೆಳಗೆ ಉಗುರು ಎಳೆಯುತ್ತ ಓದಿದ.

“ಕೆಜಾಯನಾ?” ಎಂದ ಕೊನೆಗೆ. “ನಾಯಿಗೆ ಒಣ ರೊಟ್ಟಿ ಹಾಕದ ಹೆಂಗ್ಸು ಅಂತಿದ್ರು ನಮ್ಮಪ್ಪ.”

“ನಾನು ತಪ್ಪು ತಿಳ್ಕೊಂಡಿದ್ದೆ ಎಮ್ಲಿನ್. ನಾವೆಲ್ಲರೂ.”

“ಈ ಪ್ರಮಾಣ ಆಗೋದಿಲ್ಲ ಗ್ವಿಲಿಯಮ್ ಅವರೇ. ಕ್ಷಮಿಸಿ” ಎಂದು ಪಾದ್ರಿ ಕಾಗದ ಮಡಿಸಿದರು. ಆಮೇಲೆ, “ಸಮಾಧಿಯ ವಾರಸುದಾರರೇ ತಮ್ಮ ಜಾಗ ಬಿಟ್ಟುಕೊಟ್ಟು ಸಹಿ ಹಾಕಿದ್ರೆ ಬಿಷಪ್ಪರು ಒಪ್ತಾರೆ. ಹಾಗಂತ ನಾನು ಯಾರನ್ನೂ ಕೇಳೋ ಹಾಗಿಲ್ಲ” ಎಂದರು.

“ಮತ್ಯಾಕೆ ಇಬ್ರೂ ನನ್ನ ಮುಖ ನೋಡ್ತಿದ್ದೀರಿ?” ಎಂದು ಎಮ್ಲಿನ್ ಕೋಲು ತೆಗೆದುಕೊಂಡು ಎದ್ದ. ಬಾಗಿಲು ದಡಾರನೆ ಹಾಕಿಕೊಂಡಿತು.

ಕಿಟಕಿಯಿಂದ ನೋಡಿದೆ. ಗೇಟಿನ ಕಡೆ ನಡೆದವನು ಅರ್ಧ ದಾರಿಯಲ್ಲಿ ನಿಂತು ಯೂ ಮರದತ್ತ ತಿರುಗಿದ. ಬೀವನ್ ಕಲ್ಲಿನ ಮುಂದೆ ಟೋಪಿ ತೆಗೆಯದೆ ನಿಂತ. ಹಿಮದ ಮಳೆ ಅವನ ಭುಜದ ಮೇಲೆ ಬೀಳುತ್ತಿತ್ತು. ಗಡಿಯಾರದಲ್ಲಿ ಹನ್ನೊಂದೂ ನಲವತ್ತಾಯಿತು. ಪಾದ್ರಿ ಟೀ ಮಾಡಿಕೊಟ್ಟರು. ಹನ್ನೊಂದೂ ಐವತ್ತು. ಹೊಸ ಸ್ಮಶಾನದವರಿಗೆ ಫೋನ್ ಮಾಡಲೇ ಎಂದು ಅವರು ಮೆಲ್ಲನೆ ಕೇಳಿದರು. ನಾನು ಮಾಡಿ ಎಂದೆ. ಅವರು ಫೋನ್ ಕೈಗೆತ್ತಿಕೊಂಡಾಗ ಬಾಗಿಲು ತೆರೆಯಿತು.

“ಸುಟ್ಟ ಮನುಷ್ಯನಿಗೆ ಎಷ್ಟು ಜಾಗ ಬೇಕು?” ಎಂದ ಎಮ್ಲಿನ್. ಅವನ ಹುಬ್ಬಿನಿಂದ ನೀರು ಇಳಿಯುತ್ತಿತ್ತು.

“ಬೂದಿಗಾ? ಒಂದು ಮೊಳ ಆಳ ಇದ್ರೆ ಸಾಕು” ಎಂದರು ಪಾದ್ರಿ.

“ನಮ್ಮ ಚಾಪೆಲ್‌ನವರು ಸುಡೋದು ಪಾಪ ಅಂತಿದ್ರು. ಚಾಪೆಲ್ಲೇ ಇಲ್ಲ, ಬಯ್ಯೋಕೆ ಯಾರಿದ್ದಾರೆ? ಆ ಮನೇಲಿ ಎಪ್ಪತ್ತೊಂಬತ್ತು ವರ್ಷ ಚಳೀಲಿ ಸತ್ತಿದ್ದೀನಿ, ಒಂದ್ಸಲ ಬೆಚ್ಚಗಾಗ್ಲಿ.” ಅವನು ನನ್ನತ್ತ ನೋಡಲಿಲ್ಲ. “ಅವಳು ಕೆಳಗೆ, ನಾನು ಮೇಲೆ. ಕಲ್ಲಲ್ಲಿ ಮಾತ್ರ ನನ್ನ ಹೆಸರು ಮೊದಲು. ಈಗ್ಲೇ ಹೇಳಿರ್ತೀನಿ.”

“ಎಮ್ಲಿನ್, ನೀನು ಹೀಗೆ ಮಾಡ್ಬೇಕಾಗಿಲ್ಲ” ಎಂದೆ.

“ನಿಂಗೋಸ್ಕರ ಅಲ್ಲ ಕಣೋ. ಮುದುಕಿ ಯಾರನ್ನೂ ಕೇಳ್ದೆ ಆ ಕೂಸನ್ನ ತೋಳಲ್ಲಿ ಇಟ್ಕೊಂಡು ಮಲಗಿದ್ದಾಳೆ. ಅದರ ಕಡೆಯವರು ಬಂದ್ರೆ ಬಾಗ್ಲಲ್ಲಿ ನಿಲ್ಸೋಕೆ ನಾನ್ಯಾರು? ಪೆನ್ನು ಕೊಡಿ ಪಾದ್ರಿಯಮ್ಮ. ಹನ್ನೆರಡಾಗತ್ತೆ.”

ಅವನ ಅಕ್ಷರ ಶಾಲೆಯಲ್ಲಿದ್ದಷ್ಟೇ ಕೆಟ್ಟದಾಗಿತ್ತು.

ಶನಿವಾರ ಮಳೆ ನಿಂತಿತ್ತು. ಗುಂಡಿ ತೋಡುವವನು ಕಬ್ಬಿಣದ ಸಲಾಕೆ ಇಳಿಸಿ, ಹಳೆಯ ಪೆಟ್ಟಿಗೆಯ ಮೇಲೆ ಬೇಕಾದಷ್ಟು ಮಣ್ಣಿದೆ ಎಂದು ತಲೆಯಾಡಿಸುವವರೆಗೂ ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಓಲ್ವೆನ್‌ಳನ್ನು ಇಳಿಸಿದರು. ಪಾದ್ರಿ ಅವಳ ಹೆಸರು ಹೇಳಿ, “ಇಲ್ಲೇ ಇರುವ ಹ್ಯಾನಾಳ ಮಗಳನ್ನೂ” ಎಂದು ಸೇರಿಸಿ ಪ್ರಾರ್ಥನೆ ಓದಿದರು. ಎಮ್ಲಿನ್ ಆಮೆನ್ ಎಂದದ್ದು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ.

ಜನ ಚದುರಿದ ಮೇಲೆ ಅವನು ನನ್ನ ಪಕ್ಕಕ್ಕೆ ಬಂದು ಕೋಲಿನಿಂದ ಗುಂಡಿಯ ಬಾಯಿ ತೋರಿಸಿದ.

“ನಂಗೆ ಒಂದು ಮೊಳ ಬಿಟ್ಟಿದ್ದಾರಾ ನೋಡು, ಸಿಗ್ನಲ್. ನನ್ನ ಕಣ್ಣು ಅಷ್ಟು ದೂರ ಹೋಗಲ್ಲ.”

ನಾನು ಅವನ ತೋಳು ಹಿಡಿದು ಬಗ್ಗಿ ನೋಡಿದೆ. ಧಾರಾಳವಾಗಿ ಬಿಟ್ಟಿದ್ದರು.